ಕೂದಲ ಔಷಧಕ್ಕೆ ಒಂದೇ ಅಳತೆಗೋಲು ಇರಲಿ

ತಲೆಗೆ ಹಚ್ಚುವ ಔಷಧಗಳಲ್ಲಿ ಯಾವುದು ಮೇಲು ಎಂದು ಕೇಳುವ ಮೊದಲು, ಕೂದಲು ಏಕೆ ಉದುರುತ್ತಿದೆ ಎಂದು ಕೇಳಬೇಕು. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದು ಹೋದ ಎರಡು-ಮೂರು ತಿಂಗಳಿಗೆ, ಹೆರಿಗೆಯಾದ ಕೆಲವು ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು ಬರುವುದುಂಟು. ಇಲ್ಲಿ ಬೇರು ಸತ್ತಿರುವುದಿಲ್ಲ, ವಿಶ್ರಾಂತಿಗೆ ಹೋಗಿರುತ್ತದೆ ಅಷ್ಟೆ; ಬಹುತೇಕರಲ್ಲಿ ಸುಮಾರು ಆರು ತಿಂಗಳಲ್ಲಿ ಉದುರುವುದು ತಾನಾಗಿ ನಿಲ್ಲುತ್ತದೆ. ಆ ನಡುವೆ ಗಾಬರಿಯಿಂದ ಗರುಗದ ಸೊಪ್ಪಿನ ಎಣ್ಣೆ ಹಚ್ಚಿರಲಿ, ದುಬಾರಿ ಸೀರಮ್ ಹಚ್ಚಿರಲಿ, ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತದೆ. ವಂಶಪಾರಂಪರ್ಯವಾಗಿ ಬರುವ ಬೋಳು ಹಾಗಲ್ಲ. ಗಂಡಸರ ನೆತ್ತಿಯಲ್ಲಿ, ಹೆಂಗಸರ ಬೈತಲೆಯ ಆಚೀಚೆ ಕೂದಲ ಬುಡ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಹೋಗುತ್ತದೆ, ಕೂದಲು ನೂಲಿನಷ್ಟು ತೆಳುವಾಗುತ್ತದೆ. ಅದು ತಾನಾಗಿ ಸರಿಹೋಗುವುದಿಲ್ಲ. ಆದ್ದರಿಂದ ಯಾವುದೇ ಮದ್ದಿನ ನಿಜವಾದ ಬಲ ತಿಳಿಯುವುದು ಇಂಥ ತಲೆಗಳ ಮೇಲೆ, ಮದ್ದಿಲ್ಲದ ಬರೀ ದ್ರಾವಣದೊಂದಿಗೆ ಹೋಲಿಸಿ ನೋಡಿದಾಗ ಮಾತ್ರ.

ಈ ಪರೀಕ್ಷೆಯನ್ನು ಚೆನ್ನಾಗಿ ಎದುರಿಸಿ ನಿಂತದ್ದು ಮಿನಾಕ್ಸಿಡಿಲ್. ಮೂಲತಃ ಅದು ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ವೈದ್ಯರು ಗಮನಿಸಿದರು. ಹಚ್ಚುವ ದ್ರಾವಣಕ್ಕೆ 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2002ರಲ್ಲಿ ಪ್ರಕಟವಾದ, 393 ಗಂಡಸರ ಮೇಲೆ 48 ವಾರ ನಡೆದ ಅಧ್ಯಯನದಲ್ಲಿ ಶೇ 5ರ ದ್ರಾವಣ ಪ್ರತಿ ಚದರ ಸೆಂಟಿಮೀಟರಿಗೆ ಸರಾಸರಿ 18.6 ಕೂದಲನ್ನು ಹೆಚ್ಚಿಸಿತು, ಶೇ 2ರದ್ದು 12.7, ಮದ್ದಿಲ್ಲದ ದ್ರಾವಣ 3.9. ಬರೀ ದ್ರಾವಣಕ್ಕೂ ನಾಲ್ಕರ ಹತ್ತಿರ ಬಂದಿದೆ ಎಂಬುದನ್ನು ಓದುಗರು ಗಮನಿಸಬೇಕು. ಹೋಲಿಕೆಯೇ ಇಲ್ಲದ ಪ್ರಯೋಗದಲ್ಲಿ ಆ ನಾಲ್ಕೇ ಗೆಲುವಿನಂತೆ ಕಾಣುತ್ತದೆ.

ರೋಸ್ಮರಿ ಎಣ್ಣೆಯ ಪ್ರಚಾರಕ್ಕೆ ಆಧಾರವಾಗಿರುವ, 2015ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನದ ಕೊರತೆ ಇದೇ. ಅದರಲ್ಲಿ ನೂರು ಜನರಿದ್ದರು, ಹೋಲಿಕೆ ದುರ್ಬಲವಾದ ಶೇ 2ರ ಮಿನಾಕ್ಸಿಡಿಲ್ ಜೊತೆಗಿತ್ತು, ಬರೀ ದ್ರಾವಣದ ಗುಂಪು ಇರಲೇ ಇಲ್ಲ. ಆರು ತಿಂಗಳಲ್ಲಿ ಎರಡೂ ಗುಂಪಿಗೆ ಆದ ಲಾಭ ಅಲ್ಪ. ಎರಡೂ ಸಮ ಎಂದರೆ ಎರಡೂ ಪರಿಣಾಮಕಾರಿ ಎಂದಾಗುವುದಿಲ್ಲ. ಈರುಳ್ಳಿ ರಸವನ್ನು ಇರಾಕಿನ ವೈದ್ಯರು ಪರೀಕ್ಷಿಸಿದ್ದು ನಾಣ್ಯದಗಲಕ್ಕೆ ದುಂಡಗೆ ಬೋಳಾಗುವ, ಎಷ್ಟೋ ವೇಳೆ ತಾನೇ ವಾಸಿಯಾಗುವ ಇನ್ನೊಂದು ಕಾಯಿಲೆಯಲ್ಲಿ. ಅದನ್ನು ನೆತ್ತಿಯ ಬೋಳಿಗೆ ಅನ್ವಯಿಸುವುದು ತಪ್ಪು. ಕೊಬ್ಬರಿ ಎಣ್ಣೆ ಕೂದಲೆಳೆಯಿಂದ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ, ಎಳೆ ತುಂಡಾಗದಂತೆ ಕಾಯುತ್ತದೆ. ಬುಡದಿಂದ ಹೊಸ ಕೂದಲು ಹುಟ್ಟಿಸುವುದು ಬೇರೆ ಕೆಲಸ.

ಮಿನಾಕ್ಸಿಡಿಲ್ ರಾಸಾಯನಿಕ, ಜೀವನಪೂರ್ತಿ ಹಚ್ಚಬೇಕು, ಅಜ್ಜಿಯರ ಎಣ್ಣೆಗೆ ಅಂಥ ಕಾಟವಿಲ್ಲ ಎಂಬ ಆಕ್ಷೇಪ ಇದೆ. ಅದರಲ್ಲಿ ನಿಜಾಂಶ ಇದೆ. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು, ನೆತ್ತಿ ತುರಿಸಬಹುದು, ಬಿಟ್ಟರೆ ಬಂದದ್ದು ಕೆಲವೇ ತಿಂಗಳಲ್ಲಿ ಹೋಗುತ್ತದೆ, ಕೆಲವರಿಗೆ ಫಲವೇ ಸಿಗುವುದಿಲ್ಲ. ಗರ್ಭಿಣಿಯರು ಹಚ್ಚಬಾರದು, ಮನೆಯಲ್ಲಿ ಬೆಕ್ಕಿದ್ದರೆ ಅದರ ಜೀವಕ್ಕೇ ಅಪಾಯ. ಫಿನಾಸ್ಟರೈಡ್ ಎಂಬ ಇನ್ನೊಂದು ಮದ್ದು ಬೆರೆಸಿದ ದ್ರಾವಣವೂ ನೆತ್ತಿಯಲ್ಲೇ ನಿಲ್ಲದೆ ಸ್ವಲ್ಪ ರಕ್ತ ಸೇರುತ್ತದೆ, ವೈದ್ಯರ ಸಲಹೆಯಿಲ್ಲದೆ ಕೊಳ್ಳುವ ವಸ್ತುವಲ್ಲ. ಆದರೆ ಈ ದೋಷಗಳು ನಮಗೆ ತಿಳಿದಿರುವುದೇ ಅವನ್ನು ಲೆಕ್ಕವಿಟ್ಟು ಪರೀಕ್ಷಿಸಿದ್ದರಿಂದ. ಪರೀಕ್ಷೆಗೆ ಒಳಗಾಗದ ಎಣ್ಣೆಯ ಬಗ್ಗೆ ದೂರು ದಾಖಲಾಗಿಲ್ಲ ಎಂದ ಮಾತ್ರಕ್ಕೆ ಅದು ನಿರ್ದೋಷಿ ಎನ್ನಲಾಗದು. ಎಣ್ಣೆ ತಿಕ್ಕಿಸಿಕೊಳ್ಳುವ ಸುಖವನ್ನು ಯಾರೂ ಬಿಡಬೇಕಿಲ್ಲ; ಚಿಕಿತ್ಸೆ ಎಂಬ ಹೆಸರಿನಲ್ಲಿ ಅದನ್ನು ಮಾರುವುದಷ್ಟೇ ನನ್ನ ತಕರಾರು.

ನಮ್ಮ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ, ವಾಸಿಮಾಡುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಿದೆ. ಬೋಳುತಲೆಯೂ ಹೊಸ ಕೂದಲು ಬೆಳೆಸುವುದೂ ಅದರಲ್ಲಿವೆ. ಹೊಸ ಕೂದಲಿನ ಭರವಸೆ ಕೊಡುವ ಸೀಸೆ ಕೈಗೆ ಬಂದಾಗ ಈ ಪಟ್ಟಿಯನ್ನು ನೆನೆಯಿರಿ, ದುಡ್ಡು ಕೊಡುವ ಮೊದಲು ಒಮ್ಮೆ ಚರ್ಮವೈದ್ಯರಿಗೆ ತಲೆ ತೋರಿಸಿ.