ಗ್ರಾಮಸಭೆಯನ್ನು ಕೇಳದ ಅಪ್ಪಣೆಗೆ ನಾವು ತಲೆಬಾಗುವುದಿಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸೋಲಿಗ ಬುಡಕಟ್ಟಿನ ಪೋಡು, ದನಗಾಹಿಗಳ ದೊಡ್ಡಿ, ಕಾಡಂಚಿನ ಊರುಗಳ ನಾವು ಈ ಚಳವಳಿಯನ್ನು ಆರಂಭಿಸುತ್ತಿದ್ದೇವೆ. ಅನ್ಯಾಯದ ಅಪ್ಪಣೆಯನ್ನು ಹಾಡಹಗಲಲ್ಲಿ ಮುರಿಯುತ್ತೇವೆ, ಕದ್ದು ಮುರಿಯುವುದಿಲ್ಲ.

1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾಯಿತು. ಸೋಲಿಗರ ಕಾಡುಬೇಸಾಯ ನಿಂತಿತು, ಒಳಗಿನ ಪೋಡುಗಳನ್ನು ಎಬ್ಬಿಸಿದರು. ಆಮೇಲೆ ಮಾರಲು ಜೇನು, ನೆಲ್ಲಿ, ಪಾಚಿ ತರುವುದಕ್ಕೂ ತಡೆ ಬಿತ್ತು. ಇದಕ್ಕೆಲ್ಲ ಪೋಡಿನ ಯಜಮಾನರ ಒಪ್ಪಿಗೆ ಬೇಕೆಂದು ಅಂದಿನ ಕಾನೂನು ಹೇಳಿರಲಿಲ್ಲ.

ಇದು ಚಾರಿತ್ರಿಕ ಅನ್ಯಾಯವೆಂದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಂಸತ್ತೇ ಒಪ್ಪಿಕೊಂಡಿದೆ. ಕಿರು ಅರಣ್ಯ ಉತ್ಪನ್ನದ ಒಡೆತನ, ದನ ಮೇಯಿಸುವ ಹಕ್ಕು ಅದರಲ್ಲಿವೆ. ಬಿಳಿಗಿರಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿಯೂ ಸೋಲಿಗರೂ ಒಂದೇ ಕಾಡಲ್ಲಿ ಬಾಳಬಹುದೆಂದು ಸರ್ಕಾರವೇ ಬರೆದುಕೊಟ್ಟಂತಾಯಿತು.

2025ರ ಜೂನ್‌ನಲ್ಲಿ ಹನೂರಿನ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ನಮ್ಮ ದೇವರು ಮಾದಪ್ಪನ ವಾಹನವಾದ ಹುಲಿಗೆ ವಿಷವಿಟ್ಟವರು ನಮ್ಮವರಲ್ಲ. ಅದು ಪ್ರತಿಭಟನೆಯಲ್ಲ, ಕೊಲೆ. ಆದರೆ ಜುಲೈನಲ್ಲಿ ಅರಣ್ಯ ಸಚಿವರು ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಲು ಸೂಚಿಸಿದರು. ಯಾರೋ ಮಾಡಿದ ಪಾಪಕ್ಕೆ ಎಲ್ಲ ದೊಡ್ಡಿಗಳಿಗೂ ಶಿಕ್ಷೆಯೇ? ಕಾಯ್ದೆ ಕೊಟ್ಟ ಹಕ್ಕನ್ನು ಒಂದು ಸೂಚನೆ ಕಿತ್ತುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಮನಸ್ಸಿಗೆ ಒಗ್ಗದ ಕಾನೂನೆಲ್ಲ ಅನ್ಯಾಯವಲ್ಲ. ಬೇಟೆಯ ನಿಷೇಧ ನಮಗೂ ಬೇಕು. ಬದುಕಿನ ದಾರಿ ಮುಚ್ಚುವ, ನಮ್ಮನ್ನು ಕೇಳದೆ ಹೇರಿದ ಅಪ್ಪಣೆಯನ್ನು ಮಾತ್ರ ಮುರಿಯುತ್ತೇವೆ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಿದವರು ಜನರೆದುರೇ ಹಾರಿಸಿದರು, ಬಂಧನಕ್ಕೆ ಹೆದರಲಿಲ್ಲ. ನಮ್ಮ ದಾರಿಯೂ ಅದೇ.

ಮೊದಲು ಗ್ರಾಮಸಭೆಯ ನಿರ್ಣಯ, ಆಮೇಲೆ ಅರ್ಜಿ, ಮೇಲ್ಮನವಿ. ಅದಕ್ಕೂ ಕಿವಿಗೊಡದಿದ್ದರೆ ದಿನ, ಜಾಗ ಮುಂಚೆಯೇ ತಿಳಿಸಿ ಕಾಡಿಗೆ ದನ ಹೊಡೆದುಕೊಂಡು ಹೋಗುತ್ತೇವೆ. ಕೇಸು ಹಾಕಿದರೆ ಹೆಸರು ಮರೆಮಾಚುವುದಿಲ್ಲ, ಓಡಿಹೋಗುವುದಿಲ್ಲ. ಉರುಳು ಹಾಕಿದವರಿಗೆ, ವಿಷವಿಟ್ಟವರಿಗೆ, ಕಾಡಿಗೆ ಬೆಂಕಿ ಕೊಟ್ಟವರಿಗೆ, ಗಾರ್ಡು ವಾಚರುಗಳ ಮೇಲೆ ಕೈಯೆತ್ತಿದವರಿಗೆ ಇಲ್ಲಿ ಜಾಗವಿಲ್ಲ. ಎಷ್ಟೋ ವಾಚರುಗಳು ನಮ್ಮ ಪೋಡಿನ ಮಕ್ಕಳೇ.

ಹಕ್ಕಿನ ಅರ್ಜಿ ಹಾಕದ ಊರಿನವರೇ, ಮೊದಲು ಅರಣ್ಯ ಹಕ್ಕು ಸಮಿತಿ ಕಟ್ಟಿಕೊಳ್ಳಿ. ಅರ್ಜಿ ಬರೆದು ಗ್ರಾಮಸಭೆಯ ಮುಂದಿಡಿ. ಬಳಿಕ ಬಂದು ನಮ್ಮೊಡನೆ ಈ ಘೋಷಣೆಗೆ ಸಹಿ ಹಾಕಿ.