ಹಾಲಿಗೆ ಹೆದರುವವರು ಆಸ್ಪತ್ರೆಗೆ ಹೋಗಲು ನಾಚಬೇಡಿ

ಹಾಲು ಕುಡಿದರೆ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತದಂತೆ, ಹೌದೇ? ಮೊಬೈಲಿಗೆ ಬಂದ ಸಂದೇಶ ಓದಿ ಗಾಬರಿಯಾದ, ಐವತ್ತು ದಾಟಿದ ಹಲವರು ಹೀಗೆ ಕೇಳುತ್ತಾರೆ. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ನಾವು ಅದನ್ನು ನಮ್ಮ ಊಟಕ್ಕೆ ಹೋಲಿಸಿ ನೋಡದೆ ಹೆದರಬಾರದು.

ಈ ಮಾತಿಗೆ ಆಧಾರವಾದ ದೊಡ್ಡ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು 28,737 ಗಂಡಸರನ್ನು ಹೆಚ್ಚುಕಡಿಮೆ ಎಂಟು ವರ್ಷ ಗಮನಿಸಿದರು. 1,254 ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ದಿನಕ್ಕೆ 430 ಗ್ರಾಂ ಹಾಲು, ಹಾಲಿನ ಪದಾರ್ಥ ಸೇವಿಸುವವರಲ್ಲಿ ಅಪಾಯವು 20 ಗ್ರಾಂ ಸೇವಿಸುವವರಿಗಿಂತ ಶೇ 27ರಷ್ಟು ಹೆಚ್ಚಿತ್ತು. ಹಾಗೆಂದರೆ ನೂರರಲ್ಲಿ 27 ಮಂದಿಗೆ ಕಾಯಿಲೆ ಎಂದಲ್ಲ. ಸಾವಿರದಲ್ಲಿ 40 ಮಂದಿಗೆ ಬರುವಲ್ಲಿ ಸುಮಾರು 51 ಮಂದಿಗೆ ಬಂದೀತು ಎಂದರ್ಥ. ಕೆನೆ ತೆಗೆದ ಹಾಲಿನದೂ ಇದೇ ಕತೆ. ಮೊಸರು, ಚೀಸ್‌ಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಹಾಲು ಕುಡಿಯುವವರ ರಕ್ತದಲ್ಲಿ ಹೆಚ್ಚುವ ಐಜಿಎಫ್-1 ಎಂಬ ಹಾರ್ಮೋನ್ ಇದಕ್ಕೆ ಕಾರಣವಿರಬಹುದೆಂಬ ಅನುಮಾನ ವಿಜ್ಞಾನಿಗಳದು.

ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ 2018ರ ವರದಿ ಈ ನಂಟಿಗಿರುವ ಪುರಾವೆ ಸೀಮಿತ ಎಂದಿತು. ಹಾಲು ದೊಡ್ಡಕರುಳಿನ ಕ್ಯಾನ್ಸರಿನ ಅಪಾಯ ತಗ್ಗಿಸುತ್ತದೆ ಎನ್ನಲು ಅದಕ್ಕಿಂತ ಗಟ್ಟಿಯಾದ ಪುರಾವೆ ಇದೆ ಎಂದೂ ಹೇಳಿತು. ಮೊಬೈಲಿನ ಸಂದೇಶ ಇದನ್ನು ಹೇಳುವುದಿಲ್ಲ.

ಈಗ ನಮ್ಮ ಊಟ ನೋಡಿ. ಕಾಸರಕೋಡದ ಮೀನುಗಾರರಿಗೆ ಗಂಜಿಯೊಟ್ಟಿಗೆ ತಾರ್ಲೆಯೋ ಬಂಗುಡೆಯೋ ಬೇಕು. ಭಟ್ಕಳದ ನವಾಯತರ ಅಡುಗೆಗೆ ಬೀಳುವುದು ತೆಂಗಿನಹಾಲು. ಹವ್ಯಕರ ಮನೆಯಲ್ಲಿ ಒಂದೆಲಗವನ್ನು ಕಾಯಿತುರಿಯೊಟ್ಟಿಗೆ ಬೀಸಿ, ಮಜ್ಜಿಗೆ ಬೆರೆಸಿದ ತಂಬುಳಿ. ಕೊಟ್ಟಿಗೆಯ ಮಲೆನಾಡು ಗಿಡ್ಡ ಕೊಡುವ ಒಂದೆರಡು ಲೀಟರ್ ಮನೆಮಂದಿಗೆಲ್ಲ ಆಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಮೊಸರು. ಎರಡು ಹೊತ್ತಿನ ಚಾ, ಒಂದು ಲೋಟ ನೀರುಮಜ್ಜಿಗೆಯಲ್ಲಿ ದಿನ ಮುಗಿಸುವವರು ಅಷ್ಟನ್ನೂ ಮುಟ್ಟುವುದಿಲ್ಲ. ಅಂಥವರು ಹಾಲು ಬಿಟ್ಟು ಸಾಧಿಸುವುದೇನೂ ಇಲ್ಲ. ದಿನಾ ಅರ್ಧ ಲೀಟರಿಗೂ ಮಿಕ್ಕಿ ಕುಡಿಯುವವರು, ಅದರಲ್ಲೂ ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಬಂದವರು, ಒಂದು ಲೋಟ ಕಡಿಮೆ ಮಾಡುವುದು ಒಳ್ಳೆಯದು.

ನನ್ನನ್ನು ಕಾಡುವುದು ಹಾಲಿಗಿಂತ ನಮ್ಮ ಗಂಡಸರ ಮೌನ. ರಾತ್ರಿ ಮೂರ್ನಾಲ್ಕು ಸಲ ಏಳುತ್ತಾರೆ. ಮೂತ್ರ ಸಲೀಸಾಗಿ ಬಾರದೆ ತೊಟ್ಟಿಕ್ಕುತ್ತದೆ. ಹೆಂಡತಿಯ ಹತ್ತಿರವೂ ಬಾಯಿ ಬಿಡುವುದಿಲ್ಲ. ಕೇಳಿದರೆ ವಯಸ್ಸಾಯಿತಲ್ಲ, ಇದೆಲ್ಲ ಮಾಮೂಲಿ ಎನ್ನುತ್ತಾರೆ. ಬಹಳಷ್ಟು ಸಲ ಅದು ನಿಜವೂ ಹೌದು. ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಏನೆಂದು ಪರೀಕ್ಷೆ ಮಾಡಿಸದೆ ತಿಳಿಯದು. ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದಾಗ ಗುಣಪಡಿಸಬಹುದು. ಬೆನ್ನು, ಸೊಂಟದ ಮೂಳೆಗೆ ಇಳಿದ ಮೇಲೆ ಹತೋಟಿಯಲ್ಲಿಡುವುದಷ್ಟೇ ಉಳಿಯುತ್ತದೆ. ಎಷ್ಟೋ ಮಂದಿ ಸೊಂಟನೋವೆಂದು ಎಣ್ಣೆ ತಿಕ್ಕುತ್ತಲೇ ತಿಂಗಳು ಕಳೆಯುತ್ತಾರೆ. ಆರಂಭದಲ್ಲಿ ಯಾವ ಲಕ್ಷಣವೂ ತೋರದೆ ಇರಬಹುದು. ಆದ್ದರಿಂದ ಐವತ್ತು ದಾಟಿದವರು, ಮನೆತನದಲ್ಲಿ ಕಾಯಿಲೆಯಿದ್ದರೆ ಇನ್ನೂ ಮೊದಲೇ, ಪಿಎಸ್‌ಎ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ನಾಚಿಕೆಯ ಜೊತೆಗೆ ದೂರವೂ ಸೇರಿಕೊಂಡಿದೆ. ಕ್ಯಾನ್ಸರ್ ಎಂದರೆ ನಮಗೆ ಮಣಿಪಾಲ, ಮಂಗಳೂರು, ಇಲ್ಲವೇ ಹುಬ್ಬಳ್ಳಿ. ಒಂದು ಸಲ ಹೋಗಿ ಬಂದರೆ ದಿನದ ದುಡಿಮೆ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಉತ್ತರ ಕನ್ನಡದ ಯುವಕರು ಟ್ವಿಟರ್ ಅಭಿಯಾನವನ್ನೇ ನಡೆಸಿದರು. ದೊಡ್ಡ ಆಸ್ಪತ್ರೆ ಕಟ್ಟಲು ಸಮಯ ಹಿಡಿಯುತ್ತದೆ, ಒಪ್ಪೋಣ. ಮೂರೂ ತಾಲ್ಲೂಕು ಆಸ್ಪತ್ರೆಗಳಿಗೆ ಮೂತ್ರರೋಗ ತಜ್ಞರೊಬ್ಬರನ್ನು ತಿಂಗಳಿಗೊಮ್ಮೆ ಕಳಿಸಲು, ಪಿಎಸ್‌ಎ ಪರೀಕ್ಷೆ ಅಲ್ಲೇ ಸಿಗುವಂತೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ನಮ್ಮ ಶಾಸಕರು ಇಷ್ಟನ್ನಾದರೂ ಹಟ ಹಿಡಿದು ಮಾಡಿಸಲಿ.

ಮಕ್ಕಳಲ್ಲಿ ನನ್ನದೊಂದು ಕೇಳಿಕೆ. ಹಾಲು ಕುಡಿಯಬೇಡಿ ಎಂದು ಅಪ್ಪನಿಗೆ ಬುದ್ಧಿ ಹೇಳುವ ಮೊದಲು, ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಬಿಡಬೇಡಿ, ಈ ವಾರವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.