ಕಣಕುಂಬಿಯ ನಾಕೆಯಲ್ಲಿ ಕೇಳಬೇಕಾದ ಪ್ರಶ್ನೆ

ಮಲಪ್ರಭೆಯು ಹುಟ್ಟುವ ಕಣಕುಂಬಿಯಿಂದ ಜಾಂಬೋಟಿಯವರೆಗೆ, ಖಾನಾಪುರ ತಾಲೂಕಿನ ದಟ್ಟಡವಿಯ ನಡುವೆ ತಿರುತಿರುಗಿ ಬರುವ ಚೋರ್ಲಾ ಹಾದಿಯಲ್ಲಿ ಶ್ರಾವಣದ ರಾತ್ರಿ ಒಮ್ಮೆಯಾದರೂ ಸಂಚರಿಸಿದವರು, ಅಲ್ಲಿ ಸ್ವಸ್ಥಚಿತ್ತನಾದವನ ಕಣ್ಣು ಕೂಡ ಸಾಲದೆಂಬುದನ್ನು ಬಲ್ಲರು. ಮಂಜು ಕವಿದು ದೀಪದ ಬೆಳಕನ್ನು ಹತ್ತು ಮಾರಿನಾಚೆ ನುಂಗಿಬಿಡುತ್ತದೆ. ತಿರುವಿನಲ್ಲಿ ಎದುರಾದುದು ಲಾರಿಯೋ, ಕಾಡುಕೋಣವೋ, ಕೊನೆಯ ಬಸ್ಸು ತಪ್ಪಿ ನಡೆದು ಹೊರಟ ಹಳ್ಳಿಗನೋ ಎಂಬುದು ಕ್ಷಣಾರ್ಧದಲ್ಲಿ ನಿರ್ಣಯವಾಗಬೇಕು. ಈ ಹಾದಿಯಲ್ಲಿಯೇ ರವಿವಾರ ಸಂಜೆ ಗೋವೆಯಿಂದ ಬೆಳಗಾವಿಗೆ ಮೋಟಾರುಗಳು ಸಾಲುಗಟ್ಟಿ ಮರಳುತ್ತವೆ. ಕಣಕುಂಬಿಯ ಅಬಕಾರಿ ನಾಕೆಯಲ್ಲಿ ಅವುಗಳನ್ನು ತಡೆದು, ಡಿಕ್ಕಿ ತೆರೆಸಿ, ಸೀಸೆಗಳಿವೆಯೇ ಎಂದು ಶೋಧಿಸುವುದುಂಟು. ಸೀಟಿನ ಕೆಳಗೆ ಅಡಗಿಸಿಟ್ಟ ಮದ್ಯವು ಸಿಕ್ಕಿಬೀಳುತ್ತದೆ; ಚಾಲಕನ ರಕ್ತದಲ್ಲಿ ಅಡಗಿ ಬಂದ ಮದ್ಯವೋ ಎಷ್ಟೋ ಸಲ ನಿರಾತಂಕವಾಗಿ ಗಡಿ ದಾಟುತ್ತದೆ.

ಇದಕ್ಕೆ ಚರಿತ್ರೆಯ ಕಾರಣವೂ ಉಂಟು. 1949ರ ಪಾನನಿರೋಧ ಕಾಯಿದೆ ಬಂದಾಗ ಬೆಳಗಾವಿಯು ಮುಂಬಯಿ ರಾಜ್ಯಕ್ಕೆ ಸೇರಿತ್ತು; ಘಟ್ಟದ ಕೆಳಗಿನ ಗೋವೆಯು 1961ರವರೆಗೂ ಪೋರ್ತುಗೀಜರ ಕೈಯಲ್ಲಿತ್ತು. ಮೇಲೆ ನಿಷೇಧ, ಕೆಳಗೆ ಯಥೇಷ್ಟ ಪಾನ. ಹೀಗಾಗಿ ಗಡಿಗಾವಲೆಂದರೆ ಸೀಸೆಯ ಕಾವಲೆಂಬ ಭಾವನೆ ಬೇರೂರಿತು. ಆ ನಿಷೇಧವು ಹೋಗಿ ಬಹುಕಾಲವಾದರೂ ಗೋವೆಯಲ್ಲಿ ಸುಂಕ ಹಗುರ, ಇಲ್ಲಿ ಭಾರವಾದುದರಿಂದ ಕಾವಲಿನ ದೃಷ್ಟಿ ಮಾತ್ರ ಬದಲಾಗಲಿಲ್ಲ. ಅಬಕಾರಿ ನೌಕರರನ್ನು ನಾನು ದೂರುತ್ತಿಲ್ಲ. ಬೊಕ್ಕಸವನ್ನು ಕಾಯುವುದು ಅವರಿಗೆ ವಹಿಸಿದ ಕರ್ತವ್ಯ. ಆ ಜಾಗರೂಕತೆಯ ಅರ್ಧದಷ್ಟಾದರೂ ಚಾಲಕನ ಉಸಿರಿನ ಮೇಲೆ ಬೀಳಲಿ ಎಂಬುದೇ ನನ್ನ ವಾದ.

ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರವು 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ತಿದ್ದುಪಡಿಯ ತರುವಾಯ ಮೊದಲ ತಪ್ಪಿಗೇ ಆರು ತಿಂಗಳವರೆಗಿನ ಸೆರೆ, 10,000 ರೂಪಾಯಿ ದಂಡ, ಇಲ್ಲವೆ ಎರಡೂ ಒದಗಬಹುದು. ರಾತ್ರಿ ಕುಡಿದು ಹೊರಟವನಿಗೆ ಇದರ ಭಯ ಅಷ್ಟಿಷ್ಟು ಇದ್ದೀತು. ಮುಂಜಾನೆ ಹೊರಟವನಿಗಾದರೋ ತಾನು ಅಪರಾಧಿಯೆಂಬ ಅರಿವೇ ಇರುವುದಿಲ್ಲ. ಸಾಮಾನ್ಯ ದೇಹವು ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು ಮಾತ್ರ ಆ ಪ್ರಮಾಣವನ್ನು ಇಳಿಸಬಲ್ಲದು. ನಡುರಾತ್ರಿ 150ರಲ್ಲಿ ಮಲಗಿದವನು ಸೋಮವಾರ ಬೆಳಗಿನ ಆರಕ್ಕೆ, ಕಚೇರಿ ತಪ್ಪೀತೆಂದು ಅವಸರದಿಂದ ಸ್ಟೇರಿಂಗ್ ಹಿಡಿದಾಗ, ಇನ್ನೂ 60ರಲ್ಲಿರುತ್ತಾನೆ, ಎಂದರೆ ಮಿತಿಯ ಇಮ್ಮಡಿ. ಕಡಕ್ ಚಹ, ಲಿಂಬೆಯ ಶರಬತ್ತು, ತಣ್ಣೀರಿನ ಸ್ನಾನ ಇವು ನಿದ್ದೆಯ ಮಂಪರನ್ನು ಕಳೆದಾವು. ಯಕೃತ್ತಿನ ಕೆಲಸವನ್ನು ಒಂದು ನಿಮಿಷವೂ ಮುಂದಕ್ಕೆ ತಳ್ಳಲಾರವು.

ಕೆಲವು ವರ್ಷಗಳ ಕೆಳಗೆ ಲಗ್ನವೊಂದನ್ನು ಮುಗಿಸಿಕೊಂಡು ಖಾನಾಪುರದಿಂದ ಬೆಳಗಾವಿಗೆ ರಾತ್ರಿ ಮರಳುವಾಗ, ಗಾಡಿ ನಡೆಸುತ್ತಿದ್ದ ಗೆಳೆಯರ ಬಾಯಿಂದ ವಾಸನೆ ಬರುತ್ತಿತ್ತು. "ಎರಡ ಪೆಗ್ ಅಷ್ಟ ರೀ, ಏನೂ ಆಗೂದಿಲ್ಲ" ಎಂದರು. ಅಲ್ಲಿದ್ದವರಲ್ಲಿ ನಾನೇ ಹಿರಿಯ. ಚಾವಿ ಕೊಡಿರೆಂದು ಕೇಳಿದ್ದರೆ ಕೊಡುತ್ತಿದ್ದರೇನೋ. ನಾಲ್ಕು ಜನರ ಎದುರಿಗೆ ಅವರ ಮುಖ ಕೆಡಿಸಬಾರದೆಂಬ ಸಂಕೋಚದಿಂದ, ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು ನಿದ್ದೆಹೋಗಿದ್ದುದನ್ನು ಕಣ್ಣಾರೆ ಕಂಡೂ, ಸುಮ್ಮನೆ ಕುಳಿತೆ. ಅರ್ಧ ದಾರಿಯಲ್ಲಿ ಹಿಂಬದಿಗೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ಕತ್ತಲೆಯಿಂದ ಮೂಡಿದಂತೆ ಎದುರು ನಿಂತಿತು. ಗಾಡಿ ಹೊರಳಿ ಕೆಸರಿನಲ್ಲಿ ಹೂತು ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಮರುದಿನ ಅವರು, "ನೋಡಿದ್ರಿಲ್ಲ, ಕುಡದ್ರೂ ಕೈ ಹೆಂಗ ನಿಂತಿತ್ತು!" ಎಂದು ಹೆಮ್ಮೆಪಟ್ಟರು. ಮದ್ಯವು ಕೈಕಾಲುಗಳಿಗಿಂತ ಮೊದಲು ವಿವೇಕವನ್ನು ಮಂಕುಗೊಳಿಸುವುದರಿಂದ, ತನಗೆ ಅಮಲೇರಿದೆಯೋ ಇಲ್ಲವೋ ಎಂಬ ತೀರ್ಮಾನವನ್ನು ಕುಡಿದವನಿಗೇ ಬಿಡುವುದು ಎಂಥ ಅನರ್ಥವೆಂಬುದು ಅಂದು ನನಗೆ ಮನದಟ್ಟಾಯಿತು. ಆ ಮಕ್ಕಳನ್ನು ಕಂಡಾಗಲೆಲ್ಲ ನನ್ನ ಅಂದಿನ ಮೌನವು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಗಾಂಜಾ ಮೊದಲಾದ ಮಾದಕಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅದೇ ಕಲಮು ಅವನ್ನೂ ನಿಷೇಧಿಸಿದೆಯಾದರೂ ಮದ್ಯಕ್ಕಿರುವಂತೆ ಅಂಕಿಯ ಮಿತಿಯಿಲ್ಲ. ಮದ್ಯವನ್ನಳೆಯುವ ಉಸಿರಿನ ಯಂತ್ರವು ಅವುಗಳ ಮುಂದೆ ಮೂಕ. ನೆಗಡಿಯ ಕೆಲವು ಗುಳಿಗೆಗಳು, ನಿದ್ರೆಯ ಮಾತ್ರೆಗಳು ಸಹ ಚಾಲಕನ ಕಣ್ಣೆಳೆಯುವಂತೆ ಮಾಡಬಲ್ಲವು; "ಗಾಡಿ ಹೊಡೀತೀರೇನು?" ಎಂದು ಔಷಧದ ಅಂಗಡಿಯವರು ಒಂದು ಮಾತು ಕೇಳಿದರೆ ಎಷ್ಟೋ ಉಪಕಾರವಾದೀತು.

ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ ಆಜ್ಞಾಪಿಸಿತು. ಮರುವರ್ಷವೇ ಅದು ಸಡಿಲವಾಯಿತು. ಅದು ಬಿಗಿಯಾಗಿಯೇ ಉಳಿದಿದ್ದರೂ, ಕಡಲತೀರದಲ್ಲಿ ಕುಡಿದು ಘಟ್ಟವೇರುವವನನ್ನು ಅದು ತಡೆಯುತ್ತಿರಲಿಲ್ಲ. 1924ರಲ್ಲಿ ಗಾಂಧೀಜಿಯವರು ಕಾಂಗ್ರೆಸ್ಸಿನ ಅಧ್ಯಕ್ಷಪೀಠದಲ್ಲಿ ಕುಳಿತ ಈ ಬೆಳಗಾವಿಯಲ್ಲಿ ಪೂರ್ಣ ಪಾನನಿಷೇಧವನ್ನು ಬೇಡುವವರ ಬಗ್ಗೆ ನನಗೆ ಗೌರವವಿದೆ. ನನ್ನ ಬೇಡಿಕೆಯೋ ಬಹಳ ಚಿಕ್ಕದು. ಕಣಕುಂಬಿಯಲ್ಲಿಯೂ ಖಾನಾಪುರದ ಹೆದ್ದಾರಿಯಲ್ಲಿಯೂ, ರವಿವಾರ ಸಂಜೆಗೆ ಮಾತ್ರವಲ್ಲದೆ ಸೋಮವಾರ ನಸುಕಿನಲ್ಲಿಯೂ, ಉಸಿರಿನ ಯಂತ್ರವನ್ನು ಹಿಡಿದ ಪೊಲೀಸನೊಬ್ಬನು ತಪ್ಪದೆ ನಿಂತಿರಲಿ. ಮಿತಿ ಮೀರಿದವನ ಗಾಡಿಯು ಅಲ್ಲಿಯೇ ಉಳಿಯಲಿ. ಜೊತೆಗಿದ್ದವರನ್ನು ಬೆಳಗಾವಿಯ ಬಸ್ಸಿಗೆ ಹತ್ತಿಸಿ ಕಳಿಸಲಿ. ಡಿಕ್ಕಿಯ ಶೋಧವೂ ನಡೆಯಲಿ, ಆದರೆ ಚಾಲಕನ ಕಿಟಕಿಯ ಬಳಿ ಬಂದು, "ಇದರಾಗ ಒಂದ ಸಲ ಊದ್ರಿ" ಎಂದು ಕೇಳಿದ ಮೇಲೆ.